ಹಸಿರು ಕಣ್ಣಿನ ಬ್ಯಾಟರಿಯೋ, ಆರು ಮುಚ್ಚಳದ ಬ್ಯಾಟರಿಯೋ?

ಮೊದಲೇ ಹೇಳಿಬಿಡುತ್ತೇನೆ, ಕಾರಿಗೆ ನನ್ನ ಓಟು ಆರು ಮುಚ್ಚಳ ಇರುವ, ನೀರು ಹಾಕುವ ಹಳೇ ನಮೂನೆಯ ಬ್ಯಾಟರಿಗೆ. ಸೀಲ್ ಆದ ಮೇಂಟೆನೆನ್ಸ್ ಫ್ರೀ ಬ್ಯಾಟರಿಯನ್ನೂ ನಮ್ಮ ಕಾರಿನಲ್ಲಿ ಬಳಸಿದ್ದೇನೆ. ಅದು ಕೆಟ್ಟ ಮಾಲಲ್ಲ. ಆದರೆ ಕೆಟ್ಟಾಗ, ಅದು ಕೆಟ್ಟಿದೆ ಎಂದು ಅಂಗಡಿಯವರನ್ನು ಒಪ್ಪಿಸುವುದೇ ದೊಡ್ಡ ಕೆಲಸ.

ನಮ್ಮ ಕಾರು ಓಡುವುದು ಕಡಿಮೆ. ಮನೆ ಧಾರವಾಡದ ಸಪ್ತಾಪುರದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ. ದಿನಾ ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ ಹತ್ತಿ ಹೋಗಿಬಿಡುತ್ತೇನೆ. ಕಾರು ಹೊರಗೆ ಬರುವುದು ಕಾಯಿಪಲ್ಲೆ ತರಲು ಸುಭಾಷ ರಸ್ತೆ ಕಡೆ ಹೋಗುವಾಗ ಮಾತ್ರ. ಅಷ್ಟು ಸಣ್ಣ ಓಡಾಟದಲ್ಲಿ ಬ್ಯಾಟರಿ ಪೂರ್ತಿ ಚಾರ್ಜ್ ಆಗಲ್ಲ. ಕಾರು ಸುಮ್ನೆ ನಿಂತಾಗಲೂ ಗಡಿಯಾರ, ಸೆಂಟ್ರಲ್ ಲಾಕ್, ಇಸಿಯು (ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರ್) ಎಲ್ಲ ಚೂರುಚೂರು ಕರೆಂಟ್ ಎಳೆಯುತ್ತಲೇ ಇರುತ್ತವೆ. ಹೀಗೆ ಅರ್ಧ ಚಾರ್ಜಿನಲ್ಲೇ ಬಹಳ ದಿನ ಬಿಟ್ಟರೆ ಬ್ಯಾಟರಿಯೊಳಗಿನ ಸೀಸದ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಕಸುವು ಬರುವುದಿಲ್ಲ.

ಈಗ ಹಸಿರು ಕಣ್ಣಿನ ವಿಷಯ. ನನ್ನ ಸೀಲ್ಡ್ ಬ್ಯಾಟರಿಯ ಮೇಲೆ ಒಂದು ಸಣ್ಣ ದುಂಡನೆ ಕಿಂಡಿ ಇತ್ತು, ಮ್ಯಾಜಿಕ್ ಐ ಅಂತಾರಲ್ಲ, ಅದು. ಹಸಿರು ಕಂಡರೆ ಚಾರ್ಜ್ ಇದೆ, ಕಪ್ಪಾದರೆ ಕಡಿಮೆಯಾಗಿದೆ, ಬಿಳಿಚಿದರೆ ಒಳಗೆ ನೀರು ಇಳಿದಿದೆ. ಕೇಳೋಕೆ ಚೆಂದ. ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಕೀ ತಿರುಗಿಸಿದರೆ ಬರೀ ಕಟಕಟ ಸದ್ದು. ಬಾನೆಟ್ ಎತ್ತಿ ನೋಡಿದರೆ ಕಣ್ಣು ಹಚ್ಚ ಹಸಿರು! ಪಕ್ಕದ ಮನೆಯವರ ಕಾರಿನಿಂದ ಜಂಪ್ ಕೊಟ್ಟು, ಬ್ಯಾಟರಿ ಕೊಂಡಿದ್ದ ಅಂಗಡಿಗೆ ಒಯ್ದೆ. ಅಂಗಡಿಯವರು ಬಗ್ಗಿ ನೋಡಿ, "ಹಸಿರು ಐತಲ್ರೀ ಸರ, ಬ್ಯಾಟರಿ ಚಲೋ ಐತ್ರಿ. ಸ್ಟಾರ್ಟರ್ ತೋರಸ್ರಿ" ಎಂದರು. ತೋರಿಸಿದೆ. ಆಟೋ ಎಲೆಕ್ಟ್ರಿಷಿಯನ್, "ಸ್ಟಾರ್ಟರ್‌ಗೆ ಏನೂ ಆಗಿಲ್ರಿ, ಬ್ಯಾಟರಿನ ನೋಡ್ರಿ" ಎಂದರು. ಮತ್ತೆ ಅಂಗಡಿ. ಮತ್ತೆ ಅದೇ ಹಸಿರು.

12 ವೋಲ್ಟಿನ ಬ್ಯಾಟರಿಯೊಳಗೆ ತಲಾ 2.1 ವೋಲ್ಟಿನ ಆರು ಸೆಲ್ ಇರುತ್ತವೆ. ಆ ಕಣ್ಣು ನೋಡುವುದು ಅದರಲ್ಲಿ ಒಂದನ್ನು ಮಾತ್ರ. ಆರು ಮಕ್ಕಳಲ್ಲಿ ಒಬ್ಬನ ಮಾರ್ಕ್ಸ್ ಕಾರ್ಡ್ ನೋಡಿ ಮನೆಮಂದಿಯೆಲ್ಲ ಪಾಸು ಅಂದಂಗೆ ಇದು. ನನ್ನ ಬ್ಯಾಟರಿಯಲ್ಲಿ ಸೋತದ್ದು ಬೇರೆ ಸೆಲ್.

ಕೊನೆಗೆ ಒಂದು ಮಲ್ಟಿಮೀಟರ್ ತಂದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಬಂದರೆ ಫುಲ್, 12.2 ಅಂದರೆ ಹೆಚ್ಚುಕಡಿಮೆ ಅರ್ಧ. ನನ್ನದು 12.3 ತೋರಿಸಿತು. ಅಷ್ಟರಿಂದ ಏನೂ ಹೇಳೋಕಾಗಲ್ಲ. ಮನೆಯವರಿಗೆ ಕೀ ತಿರುಗಿಸಲು ಹೇಳಿ ಮೀಟರ್ ಹಿಡಿದು ನಿಂತೆ. ಸ್ಟಾರ್ಟ್ ಆಗುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಇದು 8ರ ಹತ್ತಿರ ಕುಸಿಯಿತು. ಎಂಜಿನ್ ಓಡುವಾಗ 14 ಬರುತ್ತಿತ್ತು, ಅಂದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿಯಿದೆ. ಇದನ್ನೆಲ್ಲ ಬರೆದುಕೊಂಡು ಹೋದ ಮೇಲೆ ಅಂಗಡಿಯವರು ಲೋಡ್ ಟೆಸ್ಟರ್ (ಬ್ಯಾಟರಿ ಮೇಲೆ ಭಾರ ಹಾಕಿ ನೋಡುವ ಮೀಟರ್) ಹೊರಗೆ ತೆಗೆದರು, ಒಪ್ಪಿಕೊಂಡರು. ಅಷ್ಟರಲ್ಲಿ ಫ್ರೀ ಬದಲಾವಣೆಯ ಅವಧಿ ಮುಗಿದು ಪ್ರೊ-ರೇಟಾ, ಅಂದರೆ ಹೊಸ ಬ್ಯಾಟರಿಗೆ ಬರೀ ರಿಯಾಯಿತಿ ಸಿಗುವ ಅವಧಿ, ಶುರುವಾಗಿತ್ತು. ಆ ರಿಯಾಯಿತಿ ಕೊಡುವುದು ಎಂಆರ್‌ಪಿ ಮೇಲೆ. ಕೌಂಟರಿನಲ್ಲಿ ಎಲ್ಲರಿಗೂ ಬಿಡುವ ರೇಟಿಗೂ ರಿಯಾಯಿತಿ ಕಳೆದು ಬಂದ ರೇಟಿಗೂ ಅಂಥಾ ಅಂತರ ಇರಲಿಲ್ಲ.

ಮುಚ್ಚಳದ ಬ್ಯಾಟರಿಯಲ್ಲಿ ಈ ರಗಳೆ ಇಲ್ಲ. ಆಸಿಡ್ ಎಷ್ಟು ಗಟ್ಟಿ ಇದೆ ಎಂದು ಅಳೆಯುವ ಹೈಡ್ರೋಮೀಟರ್ ಇಳಿಸಿ ಒಂದೊಂದೇ ಸೆಲ್ ನೋಡಬಹುದು. ಫುಲ್ ಚಾರ್ಜ್ ಆದಾಗ ಎಲ್ಲವೂ 1.26ರ ಆಸುಪಾಸು ಇರಬೇಕು. ಐದು ಸರಿಯಿದ್ದು ಒಂದು ಮಾತ್ರ 0.05ರಷ್ಟು ಕೆಳಗಿದ್ದರೆ ಕಳ್ಳ ಸಿಕ್ಕಿಬಿದ್ದ. ನೀರಿನ ಕೆಲಸ ನನಗೆ ಭಾರ ಅಲ್ಲ. ಇನ್ವರ್ಟರ್‌ಗೆಂದು ಡಿಸ್ಟಿಲ್ಡ್ ವಾಟರ್ ಕ್ಯಾನ್ ಮನೆಯಲ್ಲಿ ಇದ್ದೇ ಇರುತ್ತದೆ. ಏಪ್ರಿಲ್, ಮೇ ಬಿಸಿಲಲ್ಲಿ ನೀರು ಬೇಗ ಇಳಿಯುತ್ತದೆ, ಆಗ ಜಾಸ್ತಿ ಸಲ ನೋಡಬೇಕು. ನಲ್ಲಿ ನೀರು, ಬೋರ್ ನೀರು, ಆರ್‌ಒ ನೀರು ಯಾವುದೂ ಬೇಡ. ಆಸಿಡ್ ಅಂತೂ ಬೇಡವೇ ಬೇಡ. ಆವಿಯಾಗುವುದು ನೀರು ಮಾತ್ರ, ಆಸಿಡ್ ಅಲ್ಲೇ ಉಳಿದಿರುತ್ತದೆ.

ಟರ್ಮಿನಲ್ ಮೇಲೆ ಬಿಳಿ ಪುಡಿ ಕೂರುವುದು ಇದರಲ್ಲಿ ಸ್ವಲ್ಪ ಜಾಸ್ತಿ. ನೆಗೆಟಿವ್ ಮೊದಲು ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತಿಕ್ಕಿ, ಒಣಗಿದ ಮೇಲೆ ವ್ಯಾಸಲೀನ್ ಹಚ್ಚಿದರೆ ಮುಗೀತು.

ರೀಕಂಡೀಷನ್ (ಹಳೇದನ್ನೇ ರಿಪೇರಿ ಮಾಡಿ ಮಾರುವ) ಬ್ಯಾಟರಿಯನ್ನೂ ಹಿಂದೊಮ್ಮೆ ಹಾಕಿಸಿದ್ದೆ. ಅಗ್ಗ, ಅಷ್ಟೇ.

ದಿನಾ ಹುಬ್ಬಳ್ಳಿ-ಧಾರವಾಡ ಕಾರಿನಲ್ಲೇ ಓಡಾಡುವವರಿಗೆ, ಬಾನೆಟ್ ಎತ್ತುವುದೇ ಬೇಜಾರು ಅನ್ನುವವರಿಗೆ ಸೀಲ್ಡ್ ಸರಿ. ಸಿಗ್ನಲ್‌ನಲ್ಲಿ ತಾನಾಗೇ ಎಂಜಿನ್ ಆಫ್ ಆಗುವ ಕಾರಾದರೆ ಈ ಚರ್ಚೆಯೇ ಇಲ್ಲ, ಅದಕ್ಕೆ ಅಂಥ ಕಾರಿಗೆಂದೇ ಮಾಡಿದ ಇಎಫ್‌ಬಿ ಅಥವಾ ಎಜಿಎಂ ನಮೂನೆಯ ಬ್ಯಾಟರಿಯೇ ಬೇಕು. ನನ್ನಂತೆ ಕಾರು ನಿಲ್ಲಿಸಿಡುವವರಾದರೆ, ಮುಚ್ಚಳದ್ದು ತಗೊಂಡು ಉಳಿದ ದುಡ್ಡಿಗೆ ಒಂದು ಸಣ್ಣ ಚಾರ್ಜರ್ ತಗೊಳ್ಳಿ. 35 ಎಎಚ್ (ಆಂಪಿಯರ್-ಅವರ್) ಬ್ಯಾಟರಿಗೆ ಮೂರೂವರೆ ಆಂಪಿಯರ್ ಸಾಕು. ಚಾರ್ಜ್ ಮಾಡುವಾಗ ಗಾಳಿ ಆಡುವ ಜಾಗ ಇರಲಿ, ಹತ್ತಿರ ಬೀಡಿ-ಸಿಗರೇಟು ಬೇಡ, ಹೈಡ್ರೋಜನ್ ಬರುತ್ತಿರುತ್ತದೆ.

ಯಾವುದನ್ನೇ ಕೊಂಡರೂ, ಎಷ್ಟು ತಿಂಗಳು ಫ್ರೀ, ಎಷ್ಟು ತಿಂಗಳು ಪ್ರೊ-ರೇಟಾ ಎಂದು ವಾರಂಟಿ ಕಾರ್ಡಿನಲ್ಲಿ ಬೇರೆ ಬೇರೆ ಬರೆಸಿ, ಸೀಲ್ ಹಾಕಿಸಿಕೊಳ್ಳಿ. ಹಳೇ ಬ್ಯಾಟರಿಗೆ ಎಷ್ಟು ಹಿಡಿದರು ಅನ್ನುವುದೂ ಬಿಲ್ಲಿನಲ್ಲಿ ಇರಲಿ.