ಸೀಗಲ್ 1963 ಬೇಕಾ, ಸೀಕೋ 5 ಸಾಕಾ?

ಕಟ್ಟಿಕೊಂಡು ಮರೆತುಬಿಡುವ ವಾಚ್ ಬೇಕಿದ್ದರೆ ಜಪಾನಿನ ಸೀಕೋ 5 ತಗೊಳ್ಳಿ. ಕೈ ಆಡಿದಂತೆ ತಾನೇ ಕೀ ತುಂಬಿಕೊಳ್ಳುತ್ತದೆ, ವಾರ, ತಾರೀಖು ತೋರಿಸುತ್ತದೆ, ಮಳೆಗೂ ಹೆದರಲ್ಲ.

ಚೀನಾದ ತಿಯಾಂಜಿನ್‌ನ ಸೀಗಲ್ 1963 ಬೇರೆಯೇ ಜಾತಿ. ಅಲ್ಲಿನ ವಾಯುಪಡೆಗಾಗಿ 1961ರಲ್ಲಿ ಶುರುವಾದ ಕ್ರೋನೋಗ್ರಾಫ್ (ಸ್ಟಾಪ್‌ವಾಚ್ ಕೂಡ ಇರುವ ವಾಚ್) ಯೋಜನೆಯ ವಂಶ ಇದು. ಒಳಗಿನ ಎಸ್‌ಟಿ19 ಯಂತ್ರದ ಮೂಲ ಸ್ವಿಸ್ ಕಂಪನಿ ವೀನಸ್‌ನ 175 ಎಂಬ ಯಂತ್ರ. ಆ ಸ್ವಿಸ್ ಯಂತ್ರವನ್ನು ತಯಾರಿಸುವ ಉಪಕರಣಗಳನ್ನೇ ಚೀನಾ ಕೊಂಡುಕೊಂಡಿತ್ತು. ಹಿಂಬದಿ ಗಾಜು ಇರುವ ಮಾದರಿಯನ್ನೇ ಆರಿಸಿ. ಅದರೊಳಗೆ ನೋಡುತ್ತಾ ಬಟನ್ ಒತ್ತಿ: ಸ್ಟಾಪ್‌ವಾಚನ್ನು ನಡೆಸುವ, ನಿಲ್ಲಿಸುವ ಚಕ್ರವಾದ ಕಾಲಮ್ ವೀಲ್ ಒಂದು ಹಲ್ಲು ತಿರುಗುತ್ತದೆ, ಸನ್ನೆಕೋಲು ಸರಿಯುತ್ತದೆ, ಸೆಕೆಂಡ್ ಮುಳ್ಳು ಹೊರಡುತ್ತದೆ. ಸೀಗಲ್‌ನ ಬೆಲೆಗೆ ಇಂಥ ಆಟ ಹೊಸ ಸ್ವಿಸ್ ವಾಚಿನಲ್ಲಿ ಸಿಗಲ್ಲ ಬಿಡಿ.

ಆದರೆ ದಿನಾ ನೀವೇ ಕೀ ಕೊಡಬೇಕು, ನೀರು ತಾಗಿಸಬಾರದು. ರಿಪೇರಿಗೆ ಸ್ವಲ್ಪ ಅಲೆದಾಟ ಜಾಸ್ತಿ. ಆದರೂ ನನ್ನ ಓಟು ಸೀಗಲ್‌ಗೇ.