ಪಿನ್ ಎಳೆದರೆ ಕಿರುಚುವ ಅಲಾರಂ: ಕೊಂಡದ್ದು ಕಾಡಿಗೆ, ಕೆಲಸಕ್ಕೆ ಬಂದದ್ದು ಬಾಗಿಲಿಗೆ

ಈ ಅಲಾರಂ ನೀವು ನೋಡಿಯೇ ಇರುತ್ತೀರಿ. ಕೀ ಗೊಂಚಲಿನಲ್ಲಿ ನೇತಾಡುವಷ್ಟು ಚಿಕ್ಕದು, ಪಿನ್ ಎಳೆದರೆ ಸೈರನ್. ಹೆಣ್ಣುಮಕ್ಕಳ ಸುರಕ್ಷತೆ ಅಂತ ಆನ್‌ಲೈನ್‌ನಲ್ಲಿ ಹುಡುಕಿದರೆ ಮೊದಲು ಕಾಣುವುದೇ ಇದು. ನನ್ನದು 600 ರೂಪಾಯಿ ಆಸುಪಾಸಿನದ್ದು, ಹಲವು ಮಳೆಗಾಲ ಕಂಡಿದೆ. ನಾನು ಹೆಚ್ಚಾಗಿ ಒಬ್ಬಳೇ ಗುಡ್ಡ ಹತ್ತುವವಳು. ಶನಿವಾರ ಭಾನುವಾರದ ಜಾತ್ರೆ ಬೇಡ ಅಂತ ವಾರದ ಮಧ್ಯೆ ಹೋಗುತ್ತೇನೆ. ಓಡಾಟ ಬಸ್ಸಲ್ಲಿ, ಉಳಿಯುವುದು ಅಗ್ಗದ ಹೋಂಸ್ಟೇಯಲ್ಲಿ. ಕಾರಲ್ಲಿ ಹೋಗಿ ರೆಸಾರ್ಟಲ್ಲಿ ಉಳಿಯುವವರಿಗೆ ಈ ವಿಮರ್ಶೆ ಅಷ್ಟಾಗಿ ಹೊಂದಲಿಕ್ಕಿಲ್ಲ.

ಮೊದಲು ಸಿಟ್ಟು ಬಂದ ವಿಷಯ ಹೇಳಿಬಿಡುತ್ತೇನೆ. ಇದರ ಪಿನ್ ತಾನಾಗಿಯೇ ಕಳಚಿಕೊಳ್ಳುತ್ತದೆ. ಹೊಸತರಲ್ಲಿ ಬಿಗಿಯಾಗಿಯೇ ಇತ್ತು. ಎಳೆದು ಹಾಕಿ ಮಾಡುತ್ತಾ ಆ ತೂತಿನ ಪ್ಲಾಸ್ಟಿಕ್ ಸವೆಯಿತು. ಬ್ಯಾಗಿನ ಪಟ್ಟಿಗೆ ಸಿಕ್ಕಿಸಿಕೊಂಡು ನಡೆದರೆ ಲಂಟಾನ ಪೊದೆ ಸಾಕು, ಬೆತ್ತದ ಮುಳ್ಳು ಸಾಕು, ದಾರ ಹಿಡಿದು ಎಳೆದುಬಿಡುತ್ತದೆ. ಒಮ್ಮೆ ಘಾಟಿ ಬಸ್ಸಿನಲ್ಲಿ ಮೇಲಿಟ್ಟ ಬ್ಯಾಗಿನೊಳಗೆ ಕಿರುಚಲು ಶುರುವಾಯಿತು. ತಿರುವಿನಲ್ಲಿ ಡ್ರೈವರ್ ಗಾಬರಿಯಾಗಿ ಬ್ರೇಕ್ ಒತ್ತಿದರು. ನಿಂತಿದ್ದ ಅಜ್ಜಿಯೊಬ್ಬರು ಮುಂದಿನ ಸೀಟಿಗೆ ಬಡಿದುಕೊಂಡರು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ನನ್ನ ಕೈಕಾಲು ನಡುಗುವುದು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಮಾರಿದವರಿಗೆ ಬರೆದರೆ, ವಾರಂಟಿ ಮುಗಿದಿದೆ ಮೇಡಂ ಅಂತ ಉತ್ತರ. ಹೆಂಗಸರ ಭಯ ನಂಬಿಕೊಂಡು ಮಾರುವ ವಸ್ತು ಇದು. ಇಡೀ ವಸ್ತು ನಿಂತಿರುವುದೇ ಒಂದು ಪಿನ್ನಿನ ಮೇಲೆ. ಆ ಪಿನ್ನೇ ಸಡಿಲ ಆಗುತ್ತದೆ ಅಂದರೆ ಏನು ಅರ್ಥ? ಈಗ ನಡೆಯುವಾಗ ತಲೆಕೂದಲಿನ ರಬ್ಬರ್ ಬ್ಯಾಂಡ್ ಸುತ್ತಿಟ್ಟಿರುತ್ತೇನೆ. ಹಾಗೆ ಸುತ್ತಿದರೆ ತುರ್ತಿನಲ್ಲಿ ಎಳೆಯಲು ಆಗುವುದಿಲ್ಲ, ಅದೂ ನಿಜ.

ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಹುಡುಗಿಯೊಬ್ಬಳು ಕಾಡಿನ ನಡುವೆ ನಿಂತಿದ್ದಾಳೆ. ಅದನ್ನು ನಂಬಬೇಡಿ. 130 ಡೆಸಿಬಲ್ ಅಂತ ದೊಡ್ಡದಾಗಿ ಬರೆದಿದ್ದಾರೆ, ಎಷ್ಟು ದೂರದಿಂದ ಅಳೆದದ್ದು ಅಂತ ಎಲ್ಲೂ ಬರೆದಿಲ್ಲ. ಬಯಲಲ್ಲಿ ದೂರ ಎರಡರಷ್ಟು ಆದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. 10 ಸೆಂಟಿಮೀಟರ್ ದೂರದಲ್ಲಿ 130 ಇದ್ದರೆ 100 ಮೀಟರ್ ಆಚೆ ಉಳಿಯುವುದು 70. ಯಾರೋ ಜೋರಾಗಿ ಮಾತಾಡಿದಷ್ಟು, ಅಷ್ಟೇ. ಅದೂ ಮರ, ಗುಡ್ಡ ಅಡ್ಡ ಇಲ್ಲದಿದ್ದರೆ. ಕಾಡಿನೊಳಗೆ ಸುಮ್ನೆ ಸೈರನ್ ಹಾಕಿ ಪ್ರಾಣಿಗಳಿಗೆ ತೊಂದರೆ ಕೊಡಬಾರದು, ಹಾಗಾಗಿ ಪರೀಕ್ಷೆ ಮಾಡಿದ್ದು ಸೋಮವಾರಪೇಟೆ ಕಡೆಯ ಅಕ್ಕನ ಮನೆಯ ಕಾಫಿ ತೋಟದಲ್ಲಿ. ನಾನು ತೋಡಿನ ಹತ್ತಿರ ಇಳಿದೆ, ಅಕ್ಕ ಮೇಲೆ ಕಣದ ಪಕ್ಕ ನಿಂತಳು. ಪಿನ್ ಎಳೆದೆ, ನನ್ನ ಕಿವಿ ಗುಂಯ್ ಅಂದಿತು. ಮೇಲೆ ಹೋಗಿ ಕೇಳಿದರೆ, "ಯಾವಾಗ ಎಳೆದೆ? ಜೀರುಂಡೆ ಸದ್ದು ಅಂದ್ಕೊಂಡೆ" ಅಂದಳು. ಕೀರಲು ಸ್ವರದ ಒಂದೇ ಸಮನೆ ಸದ್ದು. ನಮ್ಮ ಕಾಡುಗಳಲ್ಲಿ ಅಂಥದ್ದು ದಿನವಿಡೀ ಇರುತ್ತದೆ ಅಲ್ವಾ?

ಕಾಡುಪ್ರಾಣಿ ಓಡಿಸುತ್ತದೆ ಅಂತಲೂ ಬರೆದಿದ್ದಾರೆ. ದಯವಿಟ್ಟು ಆನೆ ಎದುರು ಇದನ್ನು ಎಳೆಯಬೇಡಿ. ಗದ್ದಲಕ್ಕೆ ಬೆದರಿದ ಆನೆ ಯಾವ ಕಡೆ ನುಗ್ಗುತ್ತದೆ ಅಂತ ಹೇಳಲಾಗದು. ಸದ್ದಿಲ್ಲದೆ ಹಿಂದೆ ಸರಿಯುವುದೇ ದಾರಿ.

ಹಾಗಾದರೆ ಕಾಡಿನಲ್ಲಿ ಏನು? ವಿದೇಶದ ಚಾರಣಿಗರು ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಇಟ್ಟುಕೊಳ್ಳುತ್ತಾರೆ. ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಅದನ್ನು ಹತ್ತಿರ ಇಟ್ಟುಕೊಳ್ಳುವಂತಿಲ್ಲ. ಗೊತ್ತಿಲ್ಲದೆ ತಂದು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಪ್ರವಾಸಿಗರಿದ್ದಾರೆ. 112ಕ್ಕೆ ಕರೆ ಹೋಗಲು ಯಾವುದಾದರೂ ಒಂದು ಕಂಪನಿಯ ನೆಟ್‌ವರ್ಕ್ ಬೇಕೇ ಬೇಕು. ತುದಿ ಮುಟ್ಟಿದಾಗ ಒಂದೆರಡು ಕಡ್ಡಿ ಸಿಗಬಹುದು, ಕಣಿವೆಗೆ ಇಳಿದರೆ ಹೋಯಿತು. ಹಾಗಾಗಿ ನನ್ನ ಕೊರಳಲ್ಲಿ ಇರುವುದು ಸೀಟಿ. ಒಳಗೆ ಗುಂಡು ಇಲ್ಲದ ಪ್ಲಾಸ್ಟಿಕ್ ಸೀಟಿ. ಗುಂಡು ಇದ್ದರೆ ನೀರು, ಕೊಳೆ ಸೇರಿ ಸಿಕ್ಕಿಕೊಳ್ಳುತ್ತದೆ. ಒಂದು ನಿಮಿಷದಲ್ಲಿ ಆರು ಸಲ ಊದಬೇಕು, ಒಂದು ನಿಮಿಷ ಸುಮ್ಮನಿರಬೇಕು, ಮತ್ತೆ ಆರು. ಕೇಳಿಸಿಕೊಂಡವರು ಮೂರು ಸಲ ಊದಿ ಉತ್ತರ ಕೊಡುವುದು ರೂಢಿ. ಇದು ಕೂಡ ಸೈರನ್‌ಗಿಂತ ಬಹಳ ದೂರ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ನಿಂತು ನಿಂತು ಬರುವ ಸದ್ದು ಜೀರುಂಡೆಯದಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಸೆಲ್ ಮುಗಿಯುವ ಮಾತೇ ಇಲ್ಲ. ಕೂಗಿ ಕೂಗಿ ಗಂಟಲು ಕಟ್ಟಿದ ಮೇಲೂ ಊದಬಹುದು. ಕುಮಾರ ಪರ್ವತದ ದಾರಿಯ ಗಿರಿಗದ್ದೆಯಂಥ ಚೆಕ್‌ಪೋಸ್ಟ್ ಇರುವಲ್ಲಿ ಹೆಸರು ಬರೆಸುವಾಗ ವಾಪಸ್ ಬರುವ ಹೊತ್ತನ್ನೂ ಹೇಳಿ ಹೋಗುತ್ತೇನೆ: "ಅಣ್ಣ, ನಾಲ್ಕು ಗಂಟೆಗೆ ಇಲ್ಲಿರ್ತೀನಿ." ಅಕ್ಕನಿಗೂ ಅದೇ ಹೊತ್ತು ಗೊತ್ತಿರುತ್ತದೆ.

ಇಲ್ಲಿಗೇ ಮುಗಿದಿದ್ದರೆ ಒಂದೇ ಸ್ಟಾರ್ ಕೊಡುತ್ತಿದ್ದೆ. ಆದರೆ ಈ ಅಲಾರಂ ಈಗಲೂ ನನ್ನ ಬ್ಯಾಗಿನಲ್ಲಿ ಇದೆ, ಕಾರಣ ರಾತ್ರಿ.

ಒಬ್ಬಳೇ ಓಡಾಡಿ ನನಗೆ ಅನಿಸಿದ್ದು ಇದು. ಗುಡ್ಡದ ಮೇಲೆ ಕಾಲು ಜಾರೀತು, ಮಂಜು ಕವಿದು ದಾರಿ ತಪ್ಪೀತು ಅನ್ನುವ ಭಯ ಇರುತ್ತದೆ. ಮನುಷ್ಯರ ಭಯ ಇರುವುದು ಕೆಳಗೆ. ಕೊನೆ ಬಸ್ ತಪ್ಪಿದಾಗ, ಜೀಪಿಗೆ ಕಾಯುವಾಗ, "ಒಬ್ರೇನಾ ಮೇಡಂ?" ಅಂತ ಎರಡನೇ ಸಲ ಕೇಳುವವರು ಎದುರಾದಾಗ. (ನನ್ನ ಉತ್ತರ ಯಾವಾಗಲೂ ಒಂದೇ: "ಇಲ್ಲ, ಹಿಂದೆ ಬರ್ತಿದಾರೆ.") ಮತ್ತೆ, ಸರಿಯಾಗಿ ಕೂರದ ಚಿಲಕದ ಕೋಣೆಯಲ್ಲಿ ಮಲಗುವಾಗ. ಅಲ್ಲೆಲ್ಲ ಕೂಗಳತೆಯಲ್ಲಿ ಜನ ಇರುತ್ತಾರೆ. ಸೈರನ್‌ಗೆ ಅರ್ಥ ಬರುವುದು ಅಲ್ಲಿ.

ಹಾಗಾಗಿ ನನ್ನ ರಾತ್ರಿಯ ಕೆಲಸ ಹೀಗಿದೆ. ಊಟ ಮುಗಿಸಿ, ಸಾಕ್ಸ್ ಒಣಹಾಕಿ, ಕಾಲಲ್ಲಿ ಉಂಬಳ (ಜಿಗಣೆ) ಏನಾದರೂ ಉಳಿದಿದೆಯಾ ನೋಡಿಕೊಂಡು, ಬಾಗಿಲ ಹತ್ತಿರ ಕೂರುತ್ತೇನೆ. ಹಳೇ ಲಂಗದ ಲಾಡಿ ಒಂದು ಇಟ್ಟುಕೊಂಡಿದ್ದೇನೆ. ಅದರಿಂದ ಅಲಾರಂನ ಮೈಯನ್ನು ಚೌಕಟ್ಟಿನ ಮೊಳೆಗೋ ಕಿಟಕಿಯ ಸರಳಿಗೋ ಬಿಗಿಯಾಗಿ ಕಟ್ಟುವುದು. ಪಿನ್ನಿನ ದಾರವನ್ನು ಚಿಲಕಕ್ಕೆ ಕಟ್ಟುವುದು. ದಾರ ತೀರಾ ಬಿಗಿ ಇರಬಾರದು, ಗಾಳಿಗೆ ಬಾಗಿಲು ಅಲುಗಾಡಿದರೂ ಕಿರುಚುತ್ತದೆ. ಎರಡು ಬೆರಳು ಸಡಿಲ ಬಿಟ್ಟರೆ ಸರಿ. ಬಾಗಿಲು ಗೇಣುದ್ದ ತೆರೆಯುವ ಮೊದಲೇ ಪಿನ್ ಈಚೆ ಬಂದಿರುತ್ತದೆ. ಟೆಂಟ್ ಆದರೆ ಇನ್ನೂ ಸುಲಭ. ಜಿಪ್ಪಿನ ಎರಡು ಹಿಡಿಗಳಲ್ಲಿ ಒಂದಕ್ಕೆ ಮೈ, ಇನ್ನೊಂದಕ್ಕೆ ಪಿನ್. ಆಮೇಲೆ ಟಾರ್ಚ್ ದಿಂಬಿನ ಎಡಕ್ಕೆ, ಚಪ್ಪಲಿ ಮಂಚದ ಪಕ್ಕ. ದೀಪ ಆರಿಸುವ ಮೊದಲು ದಾರವನ್ನು ಒಮ್ಮೆ ಬೆರಳಲ್ಲಿ ಮುಟ್ಟಿ ನೋಡುತ್ತೇನೆ.

ಹೋಂಸ್ಟೇ ಮನೆಯವರಿಗೆ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ತಪ್ಪಾಗುತ್ತದೆ. ನಿಟ್ಟೂರು ಕಡೆಯ ಒಂದು ಮನೆಯಲ್ಲಿ ಅಮ್ಮ ಕುತೂಹಲದಿಂದ ನೋಡಿದರು. "ಎಂತದು ಮಾರಾಯ್ತಿ ಇದು?" ಅಂದರು. ತೋರಿಸಿದೆ. ಹಗಲಲ್ಲೇ ಒಮ್ಮೆ ಎಳೆಸಿ ಕೇಳಿದರು, ನಾಯಿಗಳೆಲ್ಲ ಎದ್ದು ಬೊಗಳಿದವು. "ನನ್ನ ಮಗಳು ಬೆಂಗಳೂರಲ್ಲಿ ರೂಮ್ ಮಾಡಿಕೊಂಡು ಇದ್ದಾಳೆ, ಅವಳಿಗೂ ಒಂದು ತರಿಸಬೇಕು" ಅಂದರು. ಆ ರಾತ್ರಿ ಏನಾದರೂ ಸದ್ದಾದರೆ ತಕ್ಷಣ ಎದ್ದು ಬರುತ್ತೇನೆ ಅಂತ ತಾವಾಗಿಯೇ ಹೇಳಿದರು. ನನಗೆ ಅದೇ ದೊಡ್ಡದು.

ಇದುವರೆಗೆ ಯಾವ ರಾತ್ರಿಯೂ ಆ ಪಿನ್ ಕಳಚಿಲ್ಲ. ಬದಲಾದದ್ದು ನನ್ನ ನಿದ್ದೆ. ಮೊದಲೆಲ್ಲ ಹೊಸ ಜಾಗದಲ್ಲಿ ಹಂಚಿನ ಮೇಲೆ ಎಲೆ ಬಿದ್ದರೂ ಎಚ್ಚರ. ಬೆಳಿಗ್ಗೆ ಕಣ್ಣು ಉರಿಯುತ್ತಾ, ಕಾಲಲ್ಲಿ ಶಕ್ತಿ ಇಲ್ಲದೆ ಹತ್ತುವುದು. ನಿದ್ದೆಗೆಟ್ಟ ಕಾಲು ಒದ್ದೆ ಬಂಡೆಯ ಮೇಲೆ ಎಷ್ಟು ಅಪಾಯ ಅಂತ ನಡೆದವರಿಗೆ ಗೊತ್ತು. ಈಗ ಐದು ಗಂಟೆಯವರೆಗೆ ಗಾಢವಾಗಿ ಮಲಗುತ್ತೇನೆ. ಕೊಳ್ಳುವಾಗ ಈ ಲೆಕ್ಕ ನನ್ನ ತಲೆಯಲ್ಲೇ ಇರಲಿಲ್ಲ.

ಕೊಳ್ಳುವುದಾದರೆ ಪಿನ್ ಹಿಡಿದು ನೇತಾಡಿಸಿ ಜೋರಾಗಿ ಅಲುಗಾಡಿಸಿ. ಕಳಚಿದರೆ ಅವತ್ತೇ ವಾಪಸ್ ಮಾಡಿ. ಬಟನ್ ಒತ್ತುವ ಬಗೆಯದ್ದು ಬೇಡ, ಬಾಗಿಲಿಗೆ ಕಟ್ಟಲು ಬರುವುದಿಲ್ಲ. ನನ್ನದು ಬಟನ್ ಸೆಲ್ಲಿನದ್ದು. ಮಲೆನಾಡಿನ ಮಳೆಗೆ ಸೆಲ್ ಕೂರುವ ಜಾಗ ಹಸಿರುಗಟ್ಟುತ್ತದೆ, ಆಗಾಗ ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಬೇಕು. ಮುಂದಿನದ್ದು ಚಾರ್ಜ್ ಮಾಡುವಂಥದ್ದು ತಗೊಳ್ಳೋಣ ಅಂತಿದ್ದೆ. ಆದರೆ ನಾನು ಉಳಿಯುವ ಮನೆಗಳಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಬರುವುದಿಲ್ಲ, ಪವರ್ ಬ್ಯಾಂಕ್ ಫೋನಿಗೇ ಸಾಲುವುದಿಲ್ಲ. ಹಾಗಾಗಿ ಸೆಲ್ಲಿನದ್ದನ್ನೇ ಮತ್ತೆ ತರಿಸುತ್ತೇನೆ, ಬೇರೆ ಕಂಪನಿಯದ್ದು.

ಕಾಡಿಗೆ ಒಂದು ಸ್ಟಾರ್, ಬಾಗಿಲಿಗೆ ನಾಲ್ಕು. ಐದನೆಯದನ್ನು ಆ ಪಿನ್ ಕಳೆದುಕೊಂಡಿತು.