ಕಾಫಿ ಚೆರ್ರಿ: ಚೀಲದ ರೇಟೋ, ಓಟಿ ರೇಟೋ?

ಕೊಡಗಿನಲ್ಲಿ ರೊಬಸ್ಟಾ ಕಾಫಿಯ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮಾರುವಾಗ ಎರಡು ಲೆಕ್ಕ ಎದುರಾಗುತ್ತವೆ. ಒಂದು, 50 ಕೆಜಿ ಚೀಲಕ್ಕೆ ಒಂದೇ ರೇಟು. ಇನ್ನೊಂದು ಓಟಿ (ಔಟ್‌ಟರ್ನ್), ಅಂದರೆ ಆ ಚೀಲದಿಂದ ಎಷ್ಟು ಕೆಜಿ ಬೇಳೆ ಸಿಗುತ್ತದೋ ಅಷ್ಟಕ್ಕೆ ದುಡ್ಡು.

ಉದಾಹರಣೆಗೆ, ಚೀಲಕ್ಕೆ 9,450 ರೂಪಾಯಿ, ಓಟಿಗೆ, ಅಂದರೆ ಒಂದು ಕೆಜಿ ಬೇಳೆಗೆ, 350 ಎಂದಿಟ್ಟುಕೊಳ್ಳಿ. ಭಾಗಿಸಿದರೆ 27, ಅಂದರೆ 27 ಓಟಿ ಬಂದರೆ ಎರಡೂ ಲೆಕ್ಕ ಸಮ. ನಿಮ್ಮ ಕಾಫಿ 28 ಓಟಿ ಬಂದರೆ 9,800 ಸಿಗುತ್ತದೆ, 26 ಬಂದರೆ 9,100 ಮಾತ್ರ. ಹಾಗಾಗಿ ಮಾರುವ ಮೊದಲು ನಿಮ್ಮ ಓಟಿ ನಿಮಗೇ ಗೊತ್ತಿರಬೇಕು, ಅಲ್ವಾ?

ಇಲ್ಲಿ ಸ್ಯಾಂಪಲ್ಲೇ ಮುಖ್ಯ. ಒಂದೇ ಚೀಲದ ಮೇಲ್ಭಾಗದಿಂದ ಒಂದು ಹಿಡಿ ತೆಗೆದರೆ ಸಾಲದು. ಮೊದಲ ಕೊಯ್ಲಿನದು, ಕೊನೆಯದು, ನೆಲದಿಂದ ಹೆಕ್ಕಿದ್ದು ಎಲ್ಲ ಬೇರೆ ಬೇರೆ. ಹಲವು ಚೀಲಗಳ ಮೇಲಿಂದ, ನಡುವಿಂದ, ತಳದಿಂದ ತೆಗೆದು ಬೆರೆಸಿ. ಯಾವುದನ್ನೂ ಆರಿಸದೆ ನಾಲ್ಕು ಪಟ್ಟು ಚೀಲಗಳಿಂದ ತೆಗೆದರೆ ಸರಾಸರಿಯ ಏರುಪೇರು ಸುಮಾರು ಅರ್ಧಕ್ಕೆ ಇಳಿಯುತ್ತದೆ.

ತೇವಾಂಶ ಎರಡೂ ಲೆಕ್ಕದಲ್ಲಿ ಹೊಡೆತ ಕೊಡುತ್ತದೆ. ಶೇಕಡಾ 11ರಲ್ಲಿ 50 ಕೆಜಿ ಇದ್ದದ್ದು 9ಕ್ಕೆ ಒಣಗಿದರೆ 48.9 ಕೆಜಿ.

ಚೆನ್ನಾಗಿ ಹಣ್ಣಾದ ಮೇಲೆ ಕೊಯ್ದವರಿಗೆ ನಾನು ಓಟಿಯನ್ನೇ ಹೇಳುತ್ತೇನೆ. ಜೊಳ್ಳು ಜಾಸ್ತಿ ಇದ್ದು, ಅದನ್ನು ನೋಡಿಯೂ ಖರೀದಿದಾರರು ಒಪ್ಪಿದರೆ ಚೀಲದ ರೇಟೇ ವಾಸಿ.